ಶೇಕಡಾ 10ರ ಭಯ: ವೆಲ್ಸ್‌ನ ಕಾದಂಬರಿ ಮತ್ತು ಅದರ ಒಬ್ಬ ಓದುಗ

ವಿಜ್ಞಾನ ಕಥೆಗಳ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಪಟ್ಟಿ ಹೊರಗೆ ಬರುತ್ತದೆ. ಜಲಾಂತರ್ಗಾಮಿಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಜೂಲ್ಸ್ ವರ್ನ್ ಸಮುದ್ರದಡಿ ಅರಮನೆಯಂಥ ಹಡಗನ್ನು ಓಡಿಸಿದ್ದ. ಕಾರ್ಖಾನೆಗಳಿಗೆ ರೋಬೋಗಳು ಬರುವ ಎಷ್ಟೋ ಮೊದಲೇ ಕರೆಲ್ ಚಾಪೆಕ್‌ನ ನಾಟಕ ಆ ಹೆಸರನ್ನು ಕೊಟ್ಟಿತ್ತು. ಎಚ್.ಜಿ. ವೆಲ್ಸ್ 1914ರಲ್ಲೇ ‘ಅಣುಬಾಂಬು’ ಎಂಬ ಮಾತನ್ನು ಅಚ್ಚು ಮಾಡಿಸಿದ್ದ. ನಮ್ಮಲ್ಲಿ ಕಾಲಜ್ಞಾನದ ವಚನಗಳನ್ನು ಹೇಳುವವರು ‘ನೋಡಿ, ಇದೂ ಆಯ್ತು, ಅದೂ ಆಯ್ತು’ ಎಂದು ಬೆರಳು ಮಡಿಚುತ್ತಾರಲ್ಲ, ಹಾಗೆ ಇಲ್ಲೂ ನಿಜವಾದದ್ದನ್ನೆಲ್ಲ ಎಣಿಸುತ್ತೇವೆ. ಸುಳ್ಳಾದದ್ದನ್ನು ಎಣಿಸಲು ಯಾರಿಗೂ ಪುರುಸೊತ್ತಿಲ್ಲ.

ನನಗೆ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಭವಿಷ್ಯ ನುಡಿಯುವುದೇ ಈ ಸಾಹಿತ್ಯ ಪ್ರಕಾರದ ಆಕರ್ಷಣೆಯಾಗಿದ್ದರೆ, ಹೇಳಿದ್ದು ಸುಳ್ಳಾದ ಪುಸ್ತಕವನ್ನು ಆವತ್ತೇ ರದ್ದಿಗೆ ಹಾಕಬಹುದಿತ್ತು. ನಿಜವಾದದ್ದನ್ನೂ ಮರುದಿನ ಹಾಕಬಹುದಿತ್ತು, ಏಕೆಂದರೆ ಆಮೇಲೆ ಅದು ಹಳೆಯ ಸುದ್ದಿ. ಆದರೂ ಜನ ಓದುತ್ತಲೇ ಇದ್ದಾರೆ. ಯಾಕೆ? ಈ ಪ್ರಶ್ನೆಗೆ ಉತ್ತರವನ್ನು ಬರೆದವರ ಕಡೆಯಿಂದ ಹುಡುಕುವುದಕ್ಕಿಂತ ಓದಿದವರ ಕಡೆಯಿಂದ ಹುಡುಕುವುದು ವಾಸಿ. ಇತಿಹಾಸದಲ್ಲಿ ಅಂಥ ಒಬ್ಬ ಓದುಗ ಸಿಗುತ್ತಾನೆ. ಒಂದು ವಿಜ್ಞಾನ ಕಾದಂಬರಿಯನ್ನು ಓದಿ, ಅದನ್ನು ಮನಸ್ಸಿಗೆ ಹಚ್ಚಿಕೊಂಡು, ಅದರ ಭಯವನ್ನು ಬದುಕಿಡೀ ಹೊತ್ತು ತಿರುಗಿದವನು. ಹೆಸರು ಲಿಯೋ ಸಿಲಾರ್ಡ್.

ಮೊದಲು ಆ ಕಾದಂಬರಿಯ ಕಥೆ. ರೇಡಿಯಂ ಎಂಬ ಹೊಸ ಧಾತು ಆಗ ಯುರೋಪಿನ ಬೆರಗಾಗಿತ್ತು. ಯಾರೂ ಬೆಂಕಿ ಹಚ್ಚದೆ, ಏನನ್ನೂ ಬೆರೆಸದೆ, ತನ್ನಷ್ಟಕ್ಕೆ ತಾನೇ ಶಾಖವನ್ನು ಹೊರಸೂಸುತ್ತಿದ್ದ ವಸ್ತು ಅದು. ರಸಾಯನ ವಿಜ್ಞಾನಿ ಫ್ರೆಡರಿಕ್ ಸಾಡಿ ಗ್ಲಾಸ್ಗೊದಲ್ಲಿ ಜನಸಾಮಾನ್ಯರಿಗೆ ಕೊಟ್ಟ ಉಪನ್ಯಾಸಗಳು 1909ರಲ್ಲಿ ‘ದಿ ಇಂಟರ್‌ಪ್ರಿಟೇಶನ್ ಆಫ್ ರೇಡಿಯಂ’ ಎಂಬ ಪುಸ್ತಕವಾಗಿ ಬಂದವು. ಪರಮಾಣುವಿನ ಒಳಗೆ ಊಹೆಗೂ ಮೀರಿದ ಶಕ್ತಿ ಕೂಡಿಟ್ಟಿದೆ, ಅದನ್ನು ಬೇಕೆಂದಾಗ ಬಿಡಿಸಿಕೊಳ್ಳಲು ಬಂದರೆ ಮನುಷ್ಯನ ಬದುಕೇ ಬೇರೆಯಾಗುತ್ತದೆ ಎಂಬುದು ಸಾಡಿಯ ಮಾತು. ಆ ಪುಸ್ತಕ ವೆಲ್ಸ್‌ನ ಕೈಗೆ ಬಿತ್ತು. ಲಂಡನ್ನಿನಲ್ಲಿ ಟಿ.ಎಚ್. ಹಕ್ಸ್‌ಲಿಯ ಬಳಿ ಜೀವವಿಜ್ಞಾನ ಕಲಿತಿದ್ದ ವೆಲ್ಸ್‌ಗೆ ಇಂಥ ಪುಸ್ತಕಗಳನ್ನು ಓದುವ ರೂಢಿ ಇತ್ತು. 1913ರಲ್ಲಿ ಕುಳಿತು ‘ದಿ ವರ್ಲ್ಡ್ ಸೆಟ್ ಫ್ರೀ’ ಕಾದಂಬರಿ ಬರೆದ. ಅದನ್ನು ಸಾಡಿಯ ಪುಸ್ತಕಕ್ಕೇ ಅರ್ಪಿಸಿದ.

ಕಾದಂಬರಿಯಲ್ಲಿ ಹೋಲ್‌ಸ್ಟನ್ ಎಂಬ ವಿಜ್ಞಾನಿ ಪರಮಾಣುವಿನ ಶಕ್ತಿಯನ್ನು ಬಿಡಿಸುವ ದಾರಿ ಕಂಡುಹಿಡಿಯುತ್ತಾನೆ. ವೆಲ್ಸ್ ಕೊಟ್ಟ ಇಸವಿ 1933. ಕಂಡುಹಿಡಿದ ದಿನ ಆ ಮನುಷ್ಯ ಕುಣಿದಾಡುವುದಿಲ್ಲ. ಲಂಡನ್ನಿನಲ್ಲಿ ಗೊತ್ತುಗುರಿಯಿಲ್ಲದೆ ನಡೆಯುತ್ತಾನೆ. ಇದನ್ನು ಪ್ರಕಟಿಸಬೇಕೋ ಬೇಡವೋ, ತಿಳಿದವರು ಕೆಲವರು ಗುಟ್ಟಾಗಿ ಕಾಪಾಡಿಕೊಂಡರೆ ಒಳ್ಳೆಯದಲ್ಲವೇ ಎಂದು ಕೊರಗುತ್ತಾನೆ. ಮುಂದೆ ಆ ಶಕ್ತಿ ಯಂತ್ರಗಳನ್ನು ಓಡಿಸುತ್ತದೆ, ಕಲ್ಲಿದ್ದಲಿನ ಕೆಲಸಗಾರರು ಬೀದಿಗೆ ಬೀಳುತ್ತಾರೆ, ಆಮೇಲೆ ಯುದ್ಧ ಬರುತ್ತದೆ. ಪ್ಯಾರಿಸ್, ಬರ್ಲಿನ್ ಸುಟ್ಟುಹೋಗುತ್ತವೆ. ಕೊನೆಗೆ ಅಳಿದುಳಿದ ನಾಯಕರು ಆಲ್ಪ್ಸ್ ತಪ್ಪಲಿನ ಬ್ರಿಸ್ಸಾಗೊ ಎಂಬಲ್ಲಿ ಸೇರಿ ಇಡೀ ಜಗತ್ತಿಗೊಂದೇ ಸರ್ಕಾರ ಕಟ್ಟುತ್ತಾರೆ.

ಕಾಲಜ್ಞಾನದ ಲೆಕ್ಕದಲ್ಲಿ ನೋಡಿದರೆ ವೆಲ್ಸ್‌ಗೆ ಎಷ್ಟು ಅಂಕ ಕೊಡಬೇಕು? ಅವನ ಅಣುಬಾಂಬು ಒಂದೇ ಕ್ಷಣದಲ್ಲಿ ಸಿಡಿಯುವುದಿಲ್ಲ. ಒಲೆಯ ಹಾಗೆ ಉರಿಯುತ್ತಲೇ ಇರುತ್ತದೆ, ಜ್ವಾಲಾಮುಖಿಯಂತೆ ಉಕ್ಕುತ್ತಲೇ ಇರುತ್ತದೆ. ಪ್ರತಿ 17 ದಿನಕ್ಕೊಮ್ಮೆ ಅದರ ಕಾವು ಅರ್ಧಕ್ಕೆ ಇಳಿಯುತ್ತದೆ ಅಷ್ಟೆ. ವಿಮಾನದಲ್ಲಿ ಕೂತವನು ಬಾಂಬಿನ ಬಿರಡೆಯನ್ನು ಹಲ್ಲಿನಿಂದ ಕಚ್ಚಿ ಕಿತ್ತು ಕೈಯಿಂದ ಕೆಳಗೆ ಎಸೆಯುತ್ತಾನೆ. ಇವತ್ತು ಓದಿದರೆ ನಗು ಬರುತ್ತದೆ. ಸರಪಳಿ ಕ್ರಿಯೆಯ ಕಲ್ಪನೆ ಅಲ್ಲಿಲ್ಲ. ನ್ಯೂಟ್ರಾನ್ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ಜೇಮ್ಸ್ ಚಾಡ್ವಿಕ್ ಅದನ್ನು ಕಂಡುಹಿಡಿದದ್ದು 1932ರಲ್ಲಿ. ಯಂತ್ರದ ವಿಷಯದಲ್ಲಿ ವೆಲ್ಸ್ ಬಹುತೇಕ ತಪ್ಪು. ಆದರೆ ಇಂಥ ಶಕ್ತಿ ಕೈಗೆ ಬಂದರೆ ಅದನ್ನು ಕಂಡುಹಿಡಿದವನಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ, ಸರ್ಕಾರಗಳಿಗೆ ಮಾತ್ರ ಚೆನ್ನಾಗಿಯೇ ಬರುತ್ತದೆ ಎಂಬುದನ್ನು ಆತ ಸರಿಯಾಗಿ ಕಂಡಿದ್ದ.

ಸಿಲಾರ್ಡ್ ಈ ಕಾದಂಬರಿಯನ್ನು ಓದಿದ್ದು 1932ರಲ್ಲಿ. 1898ರಲ್ಲಿ ಬುಡಾಪೆಸ್ಟ್‌ನ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಈತ ಆಗ ಬರ್ಲಿನ್‌ನಲ್ಲಿ ಭೌತವಿಜ್ಞಾನಿ. ಐನ್‌ಸ್ಟೈನ್ ಜೊತೆ ಸೇರಿ ಹೊಸ ಬಗೆಯ ಫ್ರಿಜ್‌ಗೆ ಪೇಟೆಂಟ್ ಪಡೆದವನು. ಓದಿದಾಗ ಆ ಕಥೆಯನ್ನು ಕಥೆಯೆಂದೇ ತೆಗೆದುಕೊಂಡೆ, ನಿಜವೆಂದೇನೂ ಅನಿಸಲಿಲ್ಲ ಎಂದು ಆತನೇ ಮುಂದೆ ನೆನಪಿಸಿಕೊಂಡಿದ್ದಾನೆ. ಇದು ಗಮನಿಸಬೇಕಾದ ಮಾತು. ಒಳ್ಳೆಯ ವಿಜ್ಞಾನ ಕಥೆ ಓದಿದ ಕೂಡಲೇ ನಾವು ಯಾರೂ ಗಾಬರಿಯಿಂದ ಎದ್ದು ಓಡುವುದಿಲ್ಲ. ಪುಸ್ತಕ ಮುಚ್ಚಿ ಊಟಕ್ಕೆ ಏಳುತ್ತೇವೆ. ಅದು ಒಳಗೆಲ್ಲೋ ಹೋಗಿ ಕೂತಿರುತ್ತದೆ, ನೆಲದಲ್ಲಿ ಬಿದ್ದ ಬೀಜ ಮಳೆಗೆ ಕಾಯುವ ಹಾಗೆ.

ಮಳೆ ಬೇಗನೇ ಬಂತು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೇರಿದ. ಸಿಲಾರ್ಡ್ ಎರಡು ಸೂಟ್‌ಕೇಸ್ ತುಂಬಿಸಿ ಸಿದ್ಧವಾಗಿಟ್ಟುಕೊಂಡಿದ್ದ. ಮಾರ್ಚ್ ಕೊನೆಗೆ ಬರ್ಲಿನ್‌ನಿಂದ ವಿಯೆನ್ನಾಗೆ ರೈಲು ಹತ್ತಿದ. ರೈಲು ಹೆಚ್ಚುಕಮ್ಮಿ ಖಾಲಿಯಿತ್ತು. ಮರುದಿನ ಅದೇ ರೈಲು ಕಿಕ್ಕಿರಿದಿತ್ತು. ಗಡಿಯಲ್ಲಿ ಜನರನ್ನು ಇಳಿಸಿ ವಿಚಾರಣೆ ಮಾಡಿದರು. ಈ ಲೋಕದಲ್ಲಿ ಪಾರಾಗಲು ಬೇರೆಯವರಿಗಿಂತ ತುಂಬ ಜಾಣನಾಗಬೇಕಿಲ್ಲ, ಒಂದು ದಿನ ಮೊದಲೇ ಹೊರಟರೆ ಸಾಕು ಎಂಬ ಪಾಠವನ್ನು ಆತ ಅಂದು ಕಲಿತ. ವಿಜ್ಞಾನ ಕಥೆಯ ಓದುಗನಿಗೆ ಹೇಳಿ ಮಾಡಿಸಿದ ಪಾಠ.

ಅಲ್ಲಿಂದ ಲಂಡನ್. ಸೆಪ್ಟೆಂಬರ್ 12ರ ‘ಟೈಮ್ಸ್’ ಪತ್ರಿಕೆಯಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್‌ನ ಭಾಷಣದ ವರದಿ ಬಂತು. ಪರಮಾಣುಗಳನ್ನು ಒಡೆದು ಶಕ್ತಿ ಪಡೆಯುತ್ತೇವೆ ಎನ್ನುವವರು ಬರೀ ಕನಸು ಮಾರುತ್ತಿದ್ದಾರೆ ಎಂಬರ್ಥದ ಮಾತನ್ನು ಆ ಕ್ಷೇತ್ರದ ಅತಿ ದೊಡ್ಡ ಮನುಷ್ಯನೇ ಆಡಿದ್ದ. ಇದು ಆಗದ ಕೆಲಸ ಎಂದು ಪರಿಣತರು ಖಂಡಿತವಾಗಿ ಹೇಳಿದರೆ ಸಿಲಾರ್ಡ್‌ಗೆ ಮೈ ಉರಿಯುತ್ತಿತ್ತು. ಅದನ್ನೇ ಯೋಚಿಸುತ್ತ ಲಂಡನ್ನಿನ ಬೀದಿಗಳಲ್ಲಿ ಅಲೆದ. ಸೌತಾಂಪ್ಟನ್ ರೋ ಎಂಬ ರಸ್ತೆಯ ಸಿಗ್ನಲ್‌ನಲ್ಲಿ ಕೆಂಪು ದೀಪಕ್ಕೆ ನಿಂತ. ಹಸಿರು ಬಂತು, ರಸ್ತೆ ದಾಟಿದ. ಅಷ್ಟರಲ್ಲಿ ಹೊಳೆದಿತ್ತು: ಒಂದು ನ್ಯೂಟ್ರಾನ್ ನುಂಗಿ ಎರಡು ನ್ಯೂಟ್ರಾನ್ ಉಗುಳುವ ಧಾತು ಒಂದು ಸಿಕ್ಕಿದರೆ? ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಅಂಥ ಧಾತು ಸಾಕಷ್ಟು ಒಂದೆಡೆ ಕೂಡಿದರೆ ಆ ಸರಪಳಿ ತಾನೇ ಮುಂದುವರಿಯುತ್ತದೆ. ವೆಲ್ಸ್‌ನ ಹೋಲ್‌ಸ್ಟನ್‌ಗೆ ದಾರಿ ಸಿಕ್ಕ ಇಸವಿಯೂ 1933 ಆಗಿದ್ದದ್ದು ಕಾಕತಾಳೀಯ. ಸಿಲಾರ್ಡ್ ಮುಂದೆ ಮಾಡಿದ್ದು ಮಾತ್ರ ಕಾಕತಾಳೀಯವಲ್ಲ.

1934ರಲ್ಲಿ ಆ ಕಲ್ಪನೆಗೆ ಪೇಟೆಂಟ್ ಅರ್ಜಿ ಹಾಕಿದ. ಹಣಕ್ಕಾಗಿ ಅಲ್ಲ, ಮುಚ್ಚಿಡುವುದಕ್ಕಾಗಿ. ಸರ್ಕಾರದ ಇಲಾಖೆಯೊಂದು ವಹಿಸಿಕೊಂಡರೆ ಪೇಟೆಂಟನ್ನು ಗುಟ್ಟಾಗಿಡಬಹುದು ಎಂಬುದು ಅವನ ಲೆಕ್ಕ. ಬ್ರಿಟನ್ನಿನ ಯುದ್ಧ ಇಲಾಖೆಯನ್ನು ಕೇಳಿದ. ನಮ್ಮ ಮಟ್ಟಿಗೆ ಇದನ್ನು ಗುಟ್ಟಾಗಿಡುವ ಕಾರಣವೇನೂ ಕಾಣುತ್ತಿಲ್ಲ ಎಂಬ ಉತ್ತರ ಬಂತು. ಆಮೇಲೆ ನೌಕಾಪಡೆಯ ಬಾಗಿಲು ಬಡಿದ. 1936ರಲ್ಲಿ ಅವರು ಒಪ್ಪಿಕೊಂಡರು. ಆ ಪೇಟೆಂಟ್ ಬೆಳಕಿಗೆ ಬಂದದ್ದು 1949ರಲ್ಲಿ. ಯಾಕೆ ಇಷ್ಟು ಪಾಡು? ವೆಲ್ಸ್‌ನನ್ನು ಓದಿದ್ದರಿಂದ ಇದು ಬಹಿರಂಗವಾದರೆ ಏನಾಗುತ್ತದೆಂದು ತನಗೆ ಗೊತ್ತಿತ್ತು ಎಂದು ಆತನೇ ಹೇಳಿಕೊಂಡಿದ್ದಾನೆ. ಕಾದಂಬರಿಯ ಹೋಲ್‌ಸ್ಟನ್ ಬರೀ ಕೊರಗಿದ್ದ. ಅವನ ಓದುಗ ಅರ್ಜಿ ಹಿಡಿದು ಕಚೇರಿಗಳನ್ನು ಅಲೆದ.

ಈ ಕಥೆಯ ತಿರುಳು ಎಂದು ನನಗನಿಸುವ ಘಟನೆ ನಡೆದದ್ದು 1939ರ ಮೊದಲ ತಿಂಗಳುಗಳಲ್ಲಿ, ನ್ಯೂಯಾರ್ಕ್‌ನಲ್ಲಿ. ನ್ಯೂಟ್ರಾನ್ ಬಡಿದರೆ ಯುರೇನಿಯಂ ಪರಮಾಣು ಎರಡಾಗಿ ಸೀಳುತ್ತದೆ ಎಂಬ ಸುದ್ದಿ ಜರ್ಮನಿಯಿಂದ ಬಂದಿತ್ತು. ಸಿಲಾರ್ಡ್ ತನ್ನ ಸ್ನೇಹಿತ ಇಸಿಡೋರ್ ರಾಬಿಯ ಮೂಲಕ ಎನ್ರಿಕೊ ಫರ್ಮಿಗೆ ಹೇಳಿ ಕಳಿಸಿದ: ಸೀಳುವಾಗ ನ್ಯೂಟ್ರಾನ್‌ಗಳು ಹೊರಬಂದರೆ ಸರಪಳಿ ಕ್ರಿಯೆ ಸಾಧ್ಯ, ಬಾಂಬೂ ಸಾಧ್ಯ, ದಯವಿಟ್ಟು ಇದನ್ನು ಗುಟ್ಟಾಗಿಡೋಣ. ಫರ್ಮಿ ಅದನ್ನು ಹುಚ್ಚು ಮಾತೆಂದು ತಳ್ಳಿಹಾಕಿದ. ಯಾಕೆಂದು ರಾಬಿ ಮತ್ತು ಸಿಲಾರ್ಡ್ ಇಬ್ಬರೂ ಹೋಗಿ ಕೇಳಿದಾಗ, ಅದೊಂದು ದೂರದ ಸಾಧ್ಯತೆ ಅಷ್ಟೆ ಎಂದ. ದೂರದ್ದು ಅಂದರೆ ಎಷ್ಟು? ಶೇಕಡಾ 10 ಇರಬಹುದು ಎಂದ ಫರ್ಮಿ. ನಮ್ಮ ಪ್ರಾಣವೇ ಹೋಗುವಂಥದ್ದಾದರೆ ಶೇಕಡಾ 10 ದೂರದ್ದಲ್ಲ ಎಂದ ರಾಬಿ. ನ್ಯುಮೋನಿಯಾ ಬಂದು ಡಾಕ್ಟರು ಸಾಯುವ ಸಂಭವ ಶೇಕಡಾ 10 ಎಂದರೆ ಯಾರು ತಾನೇ ಸುಮ್ಮನಿರುತ್ತಾರೆ?

ಫರ್ಮಿ ದಡ್ಡನಲ್ಲ. ಆ ಕಾಲದ ಅತಿ ದೊಡ್ಡ ಭೌತವಿಜ್ಞಾನಿಗಳಲ್ಲಿ ಒಬ್ಬ, ಆಗಲೇ ನೊಬೆಲ್ ಪಡೆದವನು. ಸಿಲಾರ್ಡ್‌ನ ಎದುರಿಗಿದ್ದ ಸಂಗತಿಗಳೇ ಅವನ ಎದುರಿಗೂ ಇದ್ದವು. ಇಬ್ಬರೂ ಎಚ್ಚರದಿಂದಿರಬೇಕು ಎನ್ನುವವರೇ. ಎಚ್ಚರವೆಂದರೆ ಆ ಸಾಧ್ಯತೆಯನ್ನು ಕಡಿಮೆ ಮಾಡಿ ಹೇಳುವುದು ಎಂದು ಫರ್ಮಿ ತಿಳಿದ. ಅದು ಆಗಿಯೇ ತೀರುತ್ತದೆ ಎಂದುಕೊಂಡು ಬೇಕಾದ ಏರ್ಪಾಡು ಮಾಡುವುದೇ ಎಚ್ಚರ ಎಂದು ಸಿಲಾರ್ಡ್ ತಿಳಿದ. ಈ ವ್ಯತ್ಯಾಸ ಎಲ್ಲಿಂದ ಬಂತು? ಎಲ್ಲವನ್ನೂ ಒಂದು ಕಾದಂಬರಿಯ ತಲೆಗೆ ಕಟ್ಟುವುದು ಸರಿಯಲ್ಲ. ಬರ್ಲಿನ್‌ನ ಆ ಖಾಲಿ ರೈಲೂ ಅದರಲ್ಲಿ ಪಾಲುದಾರ. ಆದರೆ ಫರ್ಮಿಗೆ ಶೇಕಡಾ 10 ಎಂಬುದು ಒಂದು ಅಂಕಿ. ಸಿಲಾರ್ಡ್‌ಗೆ ಆ ಅಂಕಿಯ ಹಿಂದೆ ಉರಿಯುವ ಪ್ಯಾರಿಸ್ ಕಾಣುತ್ತಿತ್ತು. ಏಳು ವರ್ಷಗಳ ಹಿಂದೆ ಆತ ಆ ಬೆಂಕಿಯ ನಡುವೆ ಪುಟ ಪುಟವಾಗಿ ನಡೆದು ಬಂದಿದ್ದ.

ವಿಜ್ಞಾನ ಕಥೆಯ ಸೆಳೆತ ಇರುವುದು ಇಲ್ಲಿ ಎಂದು ನನ್ನ ನಂಬಿಕೆ. ವಿಜ್ಞಾನ ‘ಇದು ಸಾಧ್ಯ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಸಾಧ್ಯವಾದ ಮರುದಿನ ಬೆಳಗ್ಗೆ ಹಾಲು ತರಲು ಹೋದವನಿಗೆ ಬೀದಿ ಹೇಗೆ ಕಾಣುತ್ತದೆ ಎಂಬುದನ್ನು ಅದು ಹೇಳುವುದಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ. ಕಥೆ ಅದನ್ನು ಹೇಳುತ್ತದೆ. ಪುರಾಣದ ಬ್ರಹ್ಮಾಸ್ತ್ರವೂ ಊರು ಸುಡುತ್ತದೆ, ಆದರೆ ಅದಕ್ಕೆ ಮಂತ್ರ ಬೇಕು, ವರ ಬೇಕು. ನಮ್ಮ ಬೀದಿಗೆ ಬರಲಾರದು ಎಂಬ ನೆಮ್ಮದಿ ಇರುತ್ತದೆ. ವಿಜ್ಞಾನ ಕಥೆ ಆ ನೆಮ್ಮದಿಯನ್ನು ಕಸಿದುಕೊಳ್ಳುತ್ತದೆ. ಇದಕ್ಕೆ ಯಾರ ವರವೂ ಬೇಡ, ನಿಮಗೆ ಗೊತ್ತಿರುವ ಪ್ರಕೃತಿಯ ನಿಯಮವೇ ಸಾಕು ಎನ್ನುತ್ತದೆ. ಆ ನಿಯಮದ ವಿವರ ಲೇಖಕನಿಗೆ ತಪ್ಪಿದರೂ ಚಿಂತೆಯಿಲ್ಲ. ‘ಆಗಿಬಿಟ್ಟರೆ?’ ಎಂಬ ಪ್ರಶ್ನೆಯೊಳಗೆ ನಮ್ಮನ್ನು ಸ್ವಲ್ಪ ಹೊತ್ತು ಬದುಕಿಸಿದರೆ ಸಾಕು.

1939ರ ಮಾರ್ಚ್ 3ರ ಸಂಜೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಿಲಾರ್ಡ್ ಮತ್ತು ವಾಲ್ಟರ್ ಜಿನ್ ಪ್ರಯೋಗಕ್ಕೆ ಕೂತರು. ಯುರೇನಿಯಂ ಸೀಳುವಾಗ ನ್ಯೂಟ್ರಾನ್ ಹೊರಬಂದರೆ ಪರದೆಯ ಮೇಲೆ ಮಿಂಚು ಕಾಣಬೇಕು. ಸ್ವಿಚ್ ಒತ್ತಿದರು. ಮಿಂಚು ಕಂಡಿತು. ಸ್ವಲ್ಪ ಹೊತ್ತು ನೋಡಿ, ಎಲ್ಲವನ್ನೂ ಆರಿಸಿ ಮನೆಗೆ ಹೋದರು. ಲೋಕ ದುಃಖದ ಕಡೆಗೆ ಹೊರಟಿದೆ ಎಂಬುದರಲ್ಲಿ ಆ ರಾತ್ರಿ ತನಗೆ ಸಂಶಯ ಉಳಿಯಲಿಲ್ಲ ಎಂದು ಸಿಲಾರ್ಡ್ ಹೇಳಿದ್ದಾನೆ.

ಇಲ್ಲಿಗೆ ನಿಲ್ಲಿಸಿದರೆ ಇದು ಕಥೆ ಓದಿ ಜಾಣನಾದವನ ನೀತಿಕಥೆಯಾಗುತ್ತದೆ. ಇತಿಹಾಸ ಅಷ್ಟು ಸಲೀಸಲ್ಲ. ಗುಟ್ಟು ಉಳಿಯಲಿಲ್ಲ. ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಜೋಲಿಯೊನ ತಂಡ ತನ್ನ ಫಲಿತಾಂಶಗಳನ್ನು ಪ್ರಕಟಿಸಿತು. ಈ ಬಾಂಬು ಮೊದಲು ಹಿಟ್ಲರನ ಕೈ ಸೇರಿದರೆ ಎಂಬ ಭಯ ಸಿಲಾರ್ಡ್‌ನನ್ನು ಹಿಡಿಯಿತು. ಬೇಸಿಗೆಯಲ್ಲಿ ಲಾಂಗ್ ಐಲ್ಯಾಂಡ್‌ನಲ್ಲಿ ತಂಗಿದ್ದ ಐನ್‌ಸ್ಟೈನ್‌ನನ್ನು ಹುಡುಕಿಕೊಂಡು ಹೋದ. ಇಂಥ ಸರಪಳಿ ಕ್ರಿಯೆಯ ಯೋಚನೆಯೇ ತನಗೆ ಬಂದಿರಲಿಲ್ಲ ಎಂದ ಐನ್‌ಸ್ಟೈನ್. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಐನ್‌ಸ್ಟೈನ್ ಸಹಿಯಲ್ಲಿ ಹೋದ ಆಗಸ್ಟ್ 2ರ ಪತ್ರ ಹುಟ್ಟಿದ್ದು ಹೀಗೆ. ಭಯದಿಂದ ಮುಚ್ಚಿಟ್ಟವನೇ ಭಯದಿಂದ ಬಾಗಿಲು ತೆರೆದ. 1942ರ ಡಿಸೆಂಬರ್ 2ರಂದು ಶಿಕಾಗೊದಲ್ಲಿ, ಆಟದ ಮೈದಾನದ ಗ್ಯಾಲರಿಯ ಕೆಳಗೆ, ಮನುಷ್ಯ ನಡೆಸಿದ ಮೊದಲ ಸರಪಳಿ ಕ್ರಿಯೆ ನಡೆಯಿತು. ಎಲ್ಲರೂ ಹೋದ ಮೇಲೆ ಸಿಲಾರ್ಡ್ ಫರ್ಮಿಯ ಕೈ ಕುಲುಕಿದ. ಈ ದಿನ ಮನುಕುಲದ ಚರಿತ್ರೆಯಲ್ಲಿ ಕಪ್ಪು ದಿನವಾಗಿ ಉಳಿಯುತ್ತದೆ ಎಂದ.

ಈ ನಡುವೆ ಇನ್ನೊಂದು ತಮಾಷೆ ನಡೆಯಿತು. 1944ರ ಮಾರ್ಚ್ ತಿಂಗಳ ‘ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್’ ಮಾಸಪತ್ರಿಕೆಯಲ್ಲಿ ಕ್ಲೀವ್ ಕಾರ್ಟ್‌ಮಿಲ್ ಎಂಬಾತನ ‘ಡೆಡ್‌ಲೈನ್’ ಕಥೆ ಬಂತು. ಬೇರೊಂದು ಗ್ರಹದ ಯುದ್ಧದ ಕಥೆ. ಇಂಗ್ಲಿಷಿನ ‘ಆಕ್ಸಿಸ್’ ಪದದ ಅಕ್ಷರಗಳನ್ನೇ ಹಿಂದುಮುಂದಾಗಿಸಿ ಶತ್ರುಗಳಿಗೆ ‘ಸಿಕ್ಸಾ’ ಎಂದು ಹೆಸರಿಟ್ಟಿದ್ದ. ಅದರಲ್ಲಿ ಯುರೇನಿಯಂ ಬಾಂಬಿನ ವಿವರಗಳಿದ್ದವು. ನಿಜವಾದ ಬಾಂಬು ಗುಟ್ಟಾಗಿ ತಯಾರಾಗುತ್ತಿದ್ದ ಕಾಲ. ಗೂಢಚಾರರು ಸಂಪಾದಕ ಜಾನ್ ಕ್ಯಾಂಪ್‌ಬೆಲ್‌ನ ಕಚೇರಿಗೆ ಬಂದರು. ಇದೆಲ್ಲ ಯುದ್ಧಕ್ಕೆ ಮೊದಲೇ ಅಚ್ಚಾಗಿ ಗ್ರಂಥಾಲಯದಲ್ಲಿರುವ ಸಂಗತಿ ಎಂದು ಕ್ಯಾಂಪ್‌ಬೆಲ್ ಉತ್ತರಿಸಿದ. ಸರ್ಕಾರಕ್ಕೆ ಭಯವಾದದ್ದು ಕಥೆಯಲ್ಲಿದ್ದ ಯಂತ್ರದ ವಿವರದ ಬಗ್ಗೆ. ಆ ಕಥೆಯ ನಾಯಕ ಬಾಂಬನ್ನು ಬಿಚ್ಚಿ ನಿಷ್ಕ್ರಿಯಗೊಳಿಸುತ್ತಾನೆ ಎಂಬುದು ಅವರಿಗೆ ಮುಖ್ಯವೆನಿಸಲಿಲ್ಲ. ವಿಜ್ಞಾನ ಕಥೆಯನ್ನು ಕಾಲಜ್ಞಾನದಂತೆ ಓದಿದರೆ ಆಗುವ ಎಡವಟ್ಟು ಇದೇ.

1945ರ ಹೊತ್ತಿಗೆ ಜರ್ಮನಿ ಸೋತಿತ್ತು. ಬಾಂಬು ಮಾಡಲು ಇದ್ದ ಕಾರಣ ಮುಗಿದಿತ್ತು. ಬಾಂಬು ಮಾತ್ರ ಮುಗಿಯುವ ಹಂತದಲ್ಲಿತ್ತು. ಮೇ 28ರಂದು ಸಿಲಾರ್ಡ್ ಇನ್ನಿಬ್ಬರು ವಿಜ್ಞಾನಿಗಳೊಂದಿಗೆ ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್ ಊರಿಗೆ ಹೋಗಿ, ಸ್ವಲ್ಪ ದಿನದಲ್ಲೇ ವಿದೇಶಾಂಗ ಸಚಿವನಾಗಲಿದ್ದ ಜೇಮ್ಸ್ ಬೈರ್ನ್ಸ್‌ನನ್ನು ಕಂಡ. ಪೈಪೋಟಿ ಶುರುವಾಗುತ್ತದೆ, ರಷ್ಯಾವೂ ಮಾಡುತ್ತದೆ ಎಂದು ವಾದಿಸಿದ. ಬೈರ್ನ್ಸ್‌ನ ಯೋಚನೆ ಬೇರೆ: 200 ಕೋಟಿ ಡಾಲರ್ ಖರ್ಚಾಗಿದೆ, ಸಂಸತ್ತಿಗೆ ಲೆಕ್ಕ ಕೊಡಬೇಕು. ಜುಲೈ 17ರಂದು ಸಿಲಾರ್ಡ್ ಮತ್ತು 69 ಮಂದಿ ಸಹಿ ಹಾಕಿದ ಮನವಿ ಸಿದ್ಧವಾಯಿತು. ಸೂಕ್ತ ಎಚ್ಚರಿಕೆ, ಶರಣಾಗುವ ಅವಕಾಶ ಕೊಡದೆ ಜಪಾನಿನ ಮೇಲೆ ಇದನ್ನು ಬಳಸಬೇಡಿ ಎಂಬುದು ಅದರ ಸಾರ. ಕಡತ ಮೇಜಿನಿಂದ ಮೇಜಿಗೆ ಸಾಗಿತು. ಅಧ್ಯಕ್ಷ ಟ್ರೂಮನ್‌ನ ಕೈಗೆ ತಲುಪಲೇ ಇಲ್ಲ. ಆಗಸ್ಟ್ 6 ಬಂತು, ಹಿರೋಶಿಮಾ ಹೋಯಿತು. ವೆಲ್ಸ್ ಅದನ್ನು ನೋಡುವಷ್ಟು ಕಾಲ ಬದುಕಿದ್ದ. ತೀರಿಕೊಂಡದ್ದು ಮರುವರ್ಷದ ಆಗಸ್ಟ್‌ನಲ್ಲಿ.

ಹಾಗಾದರೆ ಆ ಕಾದಂಬರಿ ಓದಿ ಏನು ಪ್ರಯೋಜನವಾಯಿತು? ಯಾವ ಕಥೆಯೂ ಬಾಂಬನ್ನು ತಡೆಯಲಿಲ್ಲ. ಓದಿದವನೇ ಅದರ ತಯಾರಿಗೆ ಕೈ ಹಾಕಿದ. ಈ ಆಕ್ಷೇಪಣೆ ಸಿಲಾರ್ಡ್‌ಗೂ ಗೊತ್ತಿತ್ತು. ಯುದ್ಧದ ನಂತರ ಆತ ಭೌತವಿಜ್ಞಾನ ಬಿಟ್ಟು ಜೀವವಿಜ್ಞಾನದ ಕಡೆ ಹೊರಳಿದ. ಜೊತೆಗೆ ಮಾಡಿದ ಇನ್ನೊಂದು ಕೆಲಸವೆಂದರೆ, ತಾನೇ ವಿಜ್ಞಾನ ಕಥೆ ಬರೆಯತೊಡಗಿದ.

1949ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಕಾನೂನು ಪತ್ರಿಕೆಯಲ್ಲಿ ಅವನ ಕಥೆಯೊಂದು ಬಂತು. ಮೂರನೆಯ ಮಹಾಯುದ್ಧದಲ್ಲಿ ರಷ್ಯಾ ಗೆದ್ದಿದೆ. ಸಿಲಾರ್ಡ್‌ನನ್ನೇ ಯುದ್ಧಾಪರಾಧಿಯೆಂದು ಕಟಕಟೆಯಲ್ಲಿ ನಿಲ್ಲಿಸಲಾಗಿದೆ. ನಾನು ಎಚ್ಚರಿಸಿದ್ದೆ, ಮನವಿ ಬರೆದಿದ್ದೆ ಎಂಬ ಸಮಜಾಯಿಷಿ ಆ ಕೋರ್ಟಿನಲ್ಲಿ ನಡೆಯುವುದಿಲ್ಲ. ಇನ್ನೊಂದು ಕಥೆಯಲ್ಲಿ ಬೇರೆ ಲೋಕದಿಂದ ಬಂದವರು ಮನುಷ್ಯರೆಲ್ಲ ಸತ್ತುಹೋದ ನ್ಯೂಯಾರ್ಕ್‌ನಲ್ಲಿ ಇಳಿಯುತ್ತಾರೆ. ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಶೌಚಾಲಯಗಳ ಬಾಗಿಲಿಗೆ ಕಾಸು ಹಾಕುವ ಪೆಟ್ಟಿಗೆ ಯಾಕಿತ್ತು ಎಂದು ತಲೆ ಕೆರೆದುಕೊಳ್ಳುತ್ತಾರೆ. 1961ರಲ್ಲಿ ‘ದಿ ವಾಯ್ಸ್ ಆಫ್ ದಿ ಡಾಲ್ಫಿನ್ಸ್’ ಸಂಕಲನ ಬಂತು. ಅದರಲ್ಲಿ ರಷ್ಯಾ ಮತ್ತು ಅಮೆರಿಕದ ವಿಜ್ಞಾನಿಗಳು ಡಾಲ್ಫಿನ್‌ಗಳ ಭಾಷೆ ಕಲಿಯುತ್ತಾರೆ. ಆ ಪ್ರಾಣಿಗಳ ಬುದ್ಧಿವಾದದಿಂದ ಜಗತ್ತು ಶಸ್ತ್ರ ಕೆಳಗಿಡುತ್ತದೆ. ನಿಜಕ್ಕೂ ಮಾತನಾಡಿದ್ದು ಡಾಲ್ಫಿನ್‌ಗಳೋ, ಅವುಗಳ ಹೆಸರಿನಲ್ಲಿ ವಿಜ್ಞಾನಿಗಳೋ ಎಂಬ ಅನುಮಾನ ಕೊನೆಗೂ ಉಳಿಯುತ್ತದೆ. ಮನುಷ್ಯರು ಮನುಷ್ಯರ ಮಾತನ್ನು ಕೇಳುವುದಿಲ್ಲ, ಮೀನಿನ ಹಾಗೆ ಕಾಣುವ ಪ್ರಾಣಿ ಹೇಳಿದರೆ ಕೇಳಿಯಾರು ಎಂಬ ಕುಹಕ ಅದರಲ್ಲಿದೆ. ಕಚೇರಿಯಿಂದ ಕಚೇರಿಗೆ ಮನವಿ ಹೊತ್ತವನಲ್ಲದೆ ಬೇರೆ ಯಾರು ಅದನ್ನು ಬರೆಯಲು ಸಾಧ್ಯ?

ಮನವಿಪತ್ರಗಳು ವಿಫಲವಾದ ಮೇಲೂ ಈ ಮನುಷ್ಯ ಕಥೆಯ ಮೇಲೆ ನಂಬಿಕೆ ಇಟ್ಟ. ಅಂಕಿ ಅಂಶಗಳನ್ನು ಇಟ್ಟುಕೊಂಡು ಅಧಿಕಾರದಲ್ಲಿರುವವರ ಜೊತೆ ವಾದ ಮಾಡಿ ಸೋತಿದ್ದ. ಆದರೆ ಒಂದು ಪುಸ್ತಕ ಹಿಂದೊಮ್ಮೆ ಬರ್ಲಿನ್‌ನಲ್ಲಿ ಯಾವ ವಾದವೂ ಇಲ್ಲದೆ ತನ್ನೊಳಗೆ ಬಂದು ಕೂತಿತ್ತು ಎಂಬುದನ್ನು ಬಲ್ಲ. ತನ್ನ ಪುಸ್ತಕವೂ ಯಾರೊಳಗೋ ಹೋಗಿ ಕೂರಲಿ ಎಂದುಕೊಂಡಿರಬೇಕು.

ವಿಜ್ಞಾನ ಕಥೆ ಉತ್ತರ ಕೊಡುವುದಿಲ್ಲ. ವೆಲ್ಸ್ ಕೊಟ್ಟ ಉತ್ತರವಾದ ಒಂದೇ ಜಗತ್ತು, ಒಂದೇ ಸರ್ಕಾರ ಇಂದಿಗೂ ಕಾದಂಬರಿಯಲ್ಲೇ ಇದೆ. ಅದು ಕೊಡುವುದು ಒಂದು ದಿನದ ಮುಂಗಡ, ಖಾಲಿ ರೈಲಿನಲ್ಲಿ ಒಂದು ಸೀಟು. ಅದರಲ್ಲಿ ಕೂತು ಎಲ್ಲಿಗೆ ಹೋಗುತ್ತೇವೆ ಎಂಬುದು ನಮಗೆ ಬಿಟ್ಟದ್ದು. ಸಿಲಾರ್ಡ್ ಕೂಡ ತಾನು ಬೇಡವೆಂದ ಊರಿಗೇ ಹೋಗಿ ಇಳಿಯಬೇಕಾಯಿತು. ಇವತ್ತು ಯಂತ್ರಗಳು ಬರೆಯುತ್ತಿವೆ, ವಂಶವಾಹಿಗಳನ್ನು ಕತ್ತರಿಸಿ ಜೋಡಿಸುತ್ತಿದ್ದಾರೆ, ಹವಾಮಾನ ಕೆಡುತ್ತಿದೆ. ಪ್ರತಿಯೊಂದರ ಬಗ್ಗೆಯೂ ತಿಳಿದವರು ಒಂದು ಶೇಕಡಾವಾರು ಹೇಳುತ್ತಾರೆ. ಆ ಅಂಕಿಯನ್ನು ಕೇಳಿದಾಗ ಅದರ ಹಿಂದಿನ ಬೀದಿಯೂ ನಮಗೆ ಕಾಣುತ್ತಿದೆಯೇ, ಹಾಲು ತರಲು ಹೊರಟ ಮನುಷ್ಯನೂ ಕಾಣುತ್ತಿದ್ದಾನೆಯೇ ಎಂಬುದಷ್ಟೇ ಪ್ರಶ್ನೆ.